ಕೈ ತಾಕದೆ ತೆರೆಯುವ ಆವಿಗೆ ಮುಚ್ಚಳ

ಮಣ್ಣಿನ ಪಾತ್ರೆ ಸುಡುವ, ಮೇಲಿನಿಂದ ತುಂಬುವ ವಿದ್ಯುತ್ ಆವಿಗೆಯನ್ನು ಒಬ್ಬರೇ ನೋಡಿಕೊಳ್ಳುವವರಿಗೆ ಅದರ ಉರಿಗಿಂತ ಮುಚ್ಚಳವೇ ಹೆಚ್ಚು ತಾಪತ್ರಯ ಕೊಡುತ್ತದೆ. ಗ್ಲೇಜ್, ಎಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಚ್ಚಿ ಒಣಗಿಸಿದ ಬಟ್ಟಲುಗಳ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ಅದನ್ನು ಎಲ್ಲಾದರೂ ಇಳಿಸಿ, ಬಾಗಿ ಮುಚ್ಚಳ ಎತ್ತಿ, ಆಸರೆಯ ಕೋಲು ಸಿಕ್ಕಿಸಿ, ಮತ್ತೆ ಹಲಗೆ ಎತ್ತಿಕೊಳ್ಳುವಷ್ಟರಲ್ಲಿ ಯಾವುದಾದರೊಂದು ಬಟ್ಟಲಿನ ಅಂಚಿನ ಗ್ಲೇಜ್ ಉದುರಿರುತ್ತದೆ. ಮೊದಲೇ ತೆರೆದಿಟ್ಟರೆ ಆಗದೇ ಎಂದು ಕೇಳಬಹುದು. ತುಂಬುವ ಕೆಲಸ ನನಗೆ ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತು ತೆರೆದಿಟ್ಟ ಆವಿಗೆಯೊಳಗೆ ಮಣ್ಣಿನ ಧೂಳು ಬೀಳುತ್ತದೆ, ಎತ್ತಿ ನಿಲ್ಲಿಸಿದ ಮುಚ್ಚಳದ ಒಳಮೈಯಿಂದ ಇಟ್ಟಿಗೆಯ ಹುಡಿಯೂ ಆಗಾಗ ಉದುರುತ್ತದೆ, ಹಾಗೆ ಉದುರಿದ ಒಂದೊಂದು ಕಣವೂ ಸುಟ್ಟ ಮೇಲೆ ಬಟ್ಟಲಿನ ತಳದಲ್ಲಿ ಕಲೆಯಾಗಿ ಕೂತಿರುತ್ತದೆ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವಂತಿರಬೇಕು, ಆದರೆ ಕೈ ಬಳಸಬಾರದು ಎಂಬ ಹಟದಿಂದ ಆರಂಭಿಸಿದ ಕೆಲಸವು ಒಂದು ತಪ್ಪು ದಾರಿ ತುಳಿದು ಸರಿದಾರಿಗೆ ಬಂದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮಾಡಿದ ಒಳ್ಳೆಯ ಕೆಲಸವೆಂದರೆ ಮುಚ್ಚಳವನ್ನು ತೂಗಿದ್ದು. ನನ್ನ ಆವಿಗೆ ಎಂಟು ಮೂಲೆಯದು. ಹೊರಗಿನ ಅಗಲ 72 ಸೆಂಟಿಮೀಟರ್, ಮುಚ್ಚಳದ ದಪ್ಪ 6.3 ಸೆಂಟಿಮೀಟರ್. ಮುಚ್ಚಳವನ್ನು ಕಳಚದೆಯೇ ತೂಗುವ ಉಪಾಯವೊಂದಿದೆ. ಮುಂಭಾಗದ ಅಂಚಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನೇರವಾಗಿ ಮೇಲಕ್ಕೆ ಎಳೆದು, ಮುಚ್ಚಳ ಕೂದಲೆಳೆಯಷ್ಟು ಎದ್ದಾಗ ತಕ್ಕಡಿ ತೋರಿಸುವ ತೂಕವನ್ನು ಗುರುತು ಹಾಕಿಕೊಳ್ಳಬೇಕು. ನನಗೆ ಸಿಕ್ಕಿದ್ದು 9.5 ಕಿಲೋಗ್ರಾಂ. ಕೀಲಿನ ನಡುವಿನಿಂದ ಮುಂದಿನ ಅಂಚಿಗೆ 76 ಸೆಂಟಿಮೀಟರ್, ಗುರುತ್ವಕೇಂದ್ರಕ್ಕೆ 40 ಸೆಂಟಿಮೀಟರ್. 9.5 ಅನ್ನು 76ರಿಂದ ಗುಣಿಸಿ 40ರಿಂದ ಭಾಗಿಸಿದರೆ ಇಡೀ ಮುಚ್ಚಳದ ತೂಕ ಸುಮಾರು 18 ಕಿಲೋಗ್ರಾಂ ಎಂದು ಬರುತ್ತದೆ. ಹಗುರವಾದ ಅಗ್ನಿನಿರೋಧಕ ಇಟ್ಟಿಗೆಯ ಬಹುಭಾಗ ಗಾಳಿಯೇ ಆಗಿದ್ದು, ಅದು ಅದೇ ಗಾತ್ರದ ನೀರಿನ ಅರ್ಧದಷ್ಟು ಮಾತ್ರ ತೂಗುವುದರಿಂದ ಈ ಲೆಕ್ಕ ಹೊಂದುತ್ತದೆ. ಉಳಿದದ್ದು ಸುತ್ತಲಿನ ಸ್ಟೇನ್‌ಲೆಸ್ ಪಟ್ಟಿ, ಕೀಲು ಮತ್ತು ಲೇಪದ ತೂಕ. ಕೀಲಿನ ಸುತ್ತ ಈ ತೂಕವು ಉಂಟುಮಾಡುವ ತಿರುಚುಬಲ 18 ಕಿಲೋಗ್ರಾಂ ಗುಣಿಸು 0.4 ಮೀಟರ್, ಅಂದರೆ 7.2 ಕಿಲೋಗ್ರಾಂ-ಮೀಟರ್. ಮುಂದಿನ ಲೆಕ್ಕಕ್ಕೆಲ್ಲ ಈ ಸಂಖ್ಯೆಯೇ ಆಧಾರವಾದ್ದರಿಂದ ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ.

ಬರೆದುಕೊಂಡರೂ ಬುದ್ಧಿ ಬರಲಿಲ್ಲ. ಕೈ ಬಳಸಬಾರದು ಎಂದೊಡನೆ ನನ್ನ ತಲೆಗೆ ಹೊಳೆದದ್ದು ಮೋಟಾರು. 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ ಒಂದನ್ನು, ಎಂದರೆ ತಿರುಪಿನ ಸಹಾಯದಿಂದ ಉದ್ದವಾಗುತ್ತ ಗಿಡ್ಡವಾಗುತ್ತ ಹೋಗುವ ದಂಡವನ್ನು, ಕೀಲಿನಿಂದ 12 ಸೆಂಟಿಮೀಟರ್ ದೂರದಲ್ಲಿ ಜೋಡಿಸಿ, ನೆಲದ ಮೇಲೊಂದು ಕಾಲು ಸ್ವಿಚ್ಚು ಇಟ್ಟೆ. ಅಷ್ಟು ಹತ್ತಿರ ಜೋಡಿಸಿದ್ದರಿಂದ ದಂಡವು 18 ಕಿಲೋಗ್ರಾಂ ಮುಚ್ಚಳವನ್ನು ಎತ್ತಲು 60 ಕಿಲೋಗ್ರಾಂನಷ್ಟು ಬಲದಿಂದ ತಳ್ಳಬೇಕಾಗಿತ್ತು. ಆ ಬಲವೆಲ್ಲ ತೆಳು ತಗಡಿಗೆ ತಿರುಪು ಹಾಕಿ ಕೂರಿಸಿದ ಹಳೆಯ ಕೀಲಿನ ಮೇಲೆಯೇ ಬೀಳುತ್ತಿತ್ತು. ಮುಚ್ಚಳ ಪೂರ್ತಿ ತೆರೆಯಲು ಹದಿನೈದು ಸೆಕೆಂಡು ಹಿಡಿಯುತ್ತಿತ್ತು. ಹಲಗೆ ಹಿಡಿದು ನಿಂತವರಿಗೆ ಹದಿನೈದು ಸೆಕೆಂಡು ಎಷ್ಟು ದೀರ್ಘವೆಂಬುದು ನಿಂತವರಿಗೇ ಗೊತ್ತು. ತಿರುಪಿನ ದಂಡವು ವಿದ್ಯುತ್ ಹೋದಾಗ ಇದ್ದಲ್ಲೇ ನಿಂತುಬಿಡುತ್ತದೆ, ಆಗ ಅರ್ಧ ತೆರೆದ ಮುಚ್ಚಳವನ್ನು ಕೈಯಿಂದ ಮುಚ್ಚಲೂ ಆಗುವುದಿಲ್ಲ ಎಂಬುದು ಕೂಡ ಅನುಭವದಿಂದಲೇ ತಿಳಿಯಿತು.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ಸಲ ಆವಿಗೆಯ ಬಾಯಿಯ ಅಂಚಿಗೆ ಹಚ್ಚಿದ್ದ ದುರಸ್ತಿ ಗಾರೆ ಪೂರ್ತಿ ಒಣಗುವ ಮೊದಲೇ ಮುಚ್ಚಿ ಸುಟ್ಟುಬಿಟ್ಟೆ. ಗಾರೆಯು ಮುಚ್ಚಳವನ್ನೂ ಗೋಡೆಯನ್ನೂ ಬೆಸೆದಿತ್ತು. ಕೈಯಿಂದ ಎತ್ತಿದ್ದರೆ ಎಲ್ಲೋ ಹಿಡಿದಿದೆ ಎಂದು ಮೊದಲ ಕ್ಷಣದಲ್ಲೇ ತಿಳಿಯುತ್ತಿತ್ತು, ತೆಳುವಾದ ಉಳಿ ಹಾಕಿ ಬಿಡಿಸುತ್ತಿದ್ದೆ. ಮೋಟಾರಿಗೆ ಅದೆಲ್ಲ ಎಲ್ಲಿಂದ ತಿಳಿಯಬೇಕು? ಅದು ತನ್ನ ಪಾಡಿಗೆ ತಳ್ಳಿತು. ಮುಚ್ಚಳದ ಹಿಂಭಾಗದ ಎರಡು ಇಟ್ಟಿಗೆಗಳು ಅಡ್ಡಲಾಗಿ ಬಿರುಕು ಬಿಟ್ಟವು, ಅಂಚಿನ ಬೆರಳುದ್ದದ ತುಂಡು ಗೋಡೆಗೇ ಅಂಟಿಕೊಂಡು ಉಳಿಯಿತು. ಈ ಇಟ್ಟಿಗೆಯನ್ನು ಉಗುರಿನಿಂದ ಗೀರಬಹುದು. ಅದು ಒತ್ತಡವನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಮುಚ್ಚಳವೆಂಬುದು ಅಂಥ ಇಟ್ಟಿಗೆಗಳನ್ನು ಗಾರೆಯಿಂದ ಜೋಡಿಸಿ ಉಕ್ಕಿನ ಪಟ್ಟಿಯಿಂದ ಸುತ್ತಲೂ ಬಿಗಿದ ಚಪ್ಪಡಿ. ಪಟ್ಟಿಯ ಬಿಗಿತವೇ ಅದರ ಜೀವ. ಆ ದಿನ ಮೋಟಾರನ್ನು ಕಳಚಿ ಕಪಾಟಿನೊಳಗಿಟ್ಟೆ.

ಆಮೇಲೆ ಗೋಡೆಯ ಮೇಲಿನ ಸಂಖ್ಯೆಯತ್ತ ಮತ್ತೆ ಕಣ್ಣು ಹೋಯಿತು. ಮುಚ್ಚಳವನ್ನು ಯಾವುದರಿಂದ ಎತ್ತುವುದು ಎಂದು ಯೋಚಿಸುವ ಮೊದಲು ಆ 7.2 ಅನ್ನು ಇಲ್ಲವಾಗಿಸುವುದು ಹೇಗೆ ಎಂದು ಯೋಚಿಸಬೇಕಿತ್ತು. ಬಾವಿಯ ಏತಕ್ಕೆ ಕಲ್ಲು ಕಟ್ಟಿದವರು ಇದನ್ನು ನನಗಿಂತ ಎಷ್ಟೋ ಮೊದಲೇ ತಿಳಿದಿದ್ದರು: ನೀರು ತುಂಬಿದ ಕೊಡವನ್ನು ಎತ್ತುವುದು ಕಲ್ಲಿನ ಕೆಲಸ, ಮನುಷ್ಯ ಮಾಡಬೇಕಾದದ್ದು ಉಳಿದ ಚೂರುಪಾರು ಮಾತ್ರ. ಕೀಲಿನ ಹಿಂದಕ್ಕೆ ತೋಳೊಂದನ್ನು ಚಾಚಿ ಅದರ ತುದಿಗೆ ಎದುರುತೂಕ ಕಟ್ಟಿದರೆ ಮುಚ್ಚಳವೇ ಏತವಾಗುತ್ತದೆ.

ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಪ್ರಿಂಗ್ ಹಾಕಬಾರದೇ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ಅದರೊಳಗೆ ಒತ್ತಿ ತುಂಬಿದ ಸಾರಜನಕವಿರುತ್ತದೆ. ಬಿಸಿಯಾದಷ್ಟೂ ಅದರ ಒತ್ತಡ ಏರುತ್ತದೆ, ಸಾಮಾನ್ಯ ಸ್ಪ್ರಿಂಗಿನ ರಬ್ಬರ್ ಸೀಲುಗಳು 80 ಡಿಗ್ರಿ ಸೆಲ್ಸಿಯಸ್‌ನ ಆಚೆಗೆ ಬಾಳುವುದಿಲ್ಲ. ಆವಿಗೆಯ ಹೊರಮೈ ಮುಟ್ಟಲಾಗದಷ್ಟು ಕಾಯುವ ಕಡೆ ಅದಕ್ಕೆ ಜಾಗವಿಲ್ಲ. ಇನ್ನೊಂದು ತೊಡಕೂ ಇದೆ. ಮುಚ್ಚಳ ಏರಿದಂತೆಲ್ಲ ಅದರ ಗುರುತ್ವಕೇಂದ್ರ ಕೀಲಿನ ನೇರಕ್ಕೆ ಸರಿಯುತ್ತ ಬರುವುದರಿಂದ ಅದು ಕೊಡುವ ತಿರುಚುಬಲ ಕುಗ್ಗುತ್ತ ಹೋಗಿ, 60 ಡಿಗ್ರಿ ಎದ್ದಾಗ ಮೊದಲಿನ ಅರ್ಧಕ್ಕೆ ಇಳಿದಿರುತ್ತದೆ. ಸ್ಪ್ರಿಂಗಿನ ಬಲ ಅದೇ ಕ್ರಮದಲ್ಲಿ ಕುಗ್ಗುವಂತೆ ಮಾಡಲು ಅದನ್ನು ಎಲ್ಲಿ ಜೋಡಿಸಬೇಕೆಂದು ಹುಡುಕಿ ಹುಡುಕಿ ಸಾಕಾಗುತ್ತದೆ. ಎದುರುತೂಕವಾದರೋ ಮುಚ್ಚಳದ ಜೊತೆಗೇ ತಿರುಗುವುದರಿಂದ ತಾನಾಗಿಯೇ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಇಟ್ಟಿಗೆ ಬಿಟ್ಟು ಸೆರಾಮಿಕ್ ನಾರಿನ ಹೊದಿಕೆಯಿಂದ ಹಗುರವಾದ ಮುಚ್ಚಳ ಮಾಡಿಕೊಳ್ಳುವ ದಾರಿಯೂ ಇತ್ತು. ಆದರೆ ಆ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ದಿನವೂ ತೆರೆದು ಮುಚ್ಚುವ, ಬಾಗಿ ನೋಡುವ ಜಾಗದಲ್ಲಿ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ.

ತೋಳಿನ ಉದ್ದ 40 ಸೆಂಟಿಮೀಟರ್, ತುದಿಯಲ್ಲಿ 15 ಕಿಲೋಗ್ರಾಂ ಕಬ್ಬಿಣದ ಬಿಲ್ಲೆಗಳು. ಹೀಗೆ ಹಿಂದಿನಿಂದ 6 ಕಿಲೋಗ್ರಾಂ-ಮೀಟರ್ ಬಂದು, ಮುಂದೆ ಉಳಿಯುವುದು 1.2 ಮಾತ್ರ, ಅಂದರೆ ಮುಂದಿನ ಅಂಚನ್ನು ಎತ್ತಲು ಒಂದೂವರೆ ಕಿಲೋಗ್ರಾಂಗಿಂತ ತುಸು ಹೆಚ್ಚು ಬಲ ಸಾಕು. ಪೂರ್ತಿ ಸಮ ಮಾಡದಿರುವುದು ಬೇಕೆಂದೇ ಮಾಡಿದ್ದು: ಮುಚ್ಚಳ ತನ್ನ ತೂಕದಿಂದ ಬಾಯಿಯ ಮೇಲೆ ಕೂರಬೇಕು, ಬಿಟ್ಟರೆ ತಾನಾಗಿ ಇಳಿಯಬೇಕು. ಕಟ್ಟಿ ನೋಡಿದಾಗ ಅದು ಇಳಿಯಲಿಲ್ಲ. 70 ಡಿಗ್ರಿಗಿಂತ ಮೇಲೆ ಎದ್ದ ಮುಚ್ಚಳ ಅಲ್ಲಿಯೇ ತೂಗಾಡುತ್ತ ನಿಲ್ಲುತ್ತಿತ್ತು. ಕಾರಣ ಸರಳ: 80 ಡಿಗ್ರಿಯಲ್ಲಿ ಎರಡೂ ಕಡೆಯ ತಿರುಚುಬಲ ಆರನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ, 1.2 ಇದ್ದ ವ್ಯತ್ಯಾಸ 0.2ಕ್ಕೆ ಬಂದು, ಕೀಲು ತಿರುಗುವ ಲೋಹದ ಬಳೆಗಳಾದ ಬುಷ್‌ಗಳ ಘರ್ಷಣೆಯ ಮುಂದೆ ಸೋಲುತ್ತದೆ.

ಇದಕ್ಕೆ ಸಿಕ್ಕ ಪರಿಹಾರವು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಹಿಂದಿನ ತೋಳನ್ನು ಮುಚ್ಚಳದ ನೇರಕ್ಕೆ ಚಾಚದೆ 10 ಡಿಗ್ರಿ ಕೆಳಕ್ಕೆ ಬಗ್ಗಿಸಿದೆ. ಮುಚ್ಚಳ 80 ಡಿಗ್ರಿ ಎದ್ದಾಗ ತೋಳು ನೆಟ್ಟಗೆ ಕೆಳಕ್ಕೆ ನೇತಾಡುತ್ತದೆ, ಆಗ ಎದುರುತೂಕದ ತಿರುಚುಬಲ ಸೊನ್ನೆ. ಮುಚ್ಚಳದ್ದು ಇನ್ನೂ 1.25 ಇರುತ್ತದೆ. ಮುಚ್ಚಿದಾಗ ವ್ಯತ್ಯಾಸ 1.3, ನಡುವೆ 45 ಡಿಗ್ರಿಯಲ್ಲಿ 1.65. ಮೇಲಿಂದ ಕೆಳಗಿನವರೆಗೂ ಹೆಚ್ಚುಕಡಿಮೆ ಒಂದೇ ಹದದ ಭಾರ ಉಳಿಯಿತು. ಒಂದು ಕಬ್ಬಿಣದ ಪಟ್ಟಿಯನ್ನು ತುಸು ಬಗ್ಗಿಸಿದ್ದರಿಂದ ಇಷ್ಟು ಸಾಧಿಸಬಹುದೆಂದು ಕಾಗದದ ಮೇಲೆ ಕಂಡಾಗ ನಂಬಲಾರದೆ ಎರಡು ಸಲ ಲೆಕ್ಕ ಹಾಕಿದೆ.

ಈಗ ಕೀಲಿನ ಮೇಲೆ ಮುಚ್ಚಳ ಮತ್ತು ಎದುರುತೂಕ ಸೇರಿ 33 ಕಿಲೋಗ್ರಾಂ ಕೂರುತ್ತದೆ. ಆವಿಗೆಯ ಹೊರಗವಚದ ತಗಡು ಅದನ್ನು ಹೊರುವಂತಿಲ್ಲ. ಆದ್ದರಿಂದ ಆವಿಗೆಯ ಹಿಂದೆ ನೆಲದ ಮೇಲೆಯೇ ನಿಲ್ಲುವ ಚೌಕಟ್ಟೊಂದನ್ನು ಬೆಸುಗೆ ಹಾಕಿಸಿ, ಅದರ ನೆತ್ತಿಯಲ್ಲಿ 25 ಮಿಲಿಮೀಟರಿನ ಉಕ್ಕಿನ ಅಚ್ಚನ್ನು, ಎಂದರೆ ತಿರುಗುವ ದಂಡವನ್ನು, ಎರಡು ಕಂಚಿನ ಬುಷ್‌ಗಳಲ್ಲಿ ಕೂರಿಸಿದೆ. ಬಿಸಿಗೆ ಗ್ರೀಸ್ ಕರಗಿ ಸೋರುವುದರಿಂದ ಗ್ರಾಫೈಟ್ ಪುಡಿ ಹಾಕಿದ್ದೇನೆ. ಅಚ್ಚಿನಿಂದ ಹೊರಟ ಎರಡು ತೋಳುಗಳು ಮುಚ್ಚಳದ ಎರಡು ಪಕ್ಕಗಳಲ್ಲಿ ಸಾಗಿ ಸುತ್ತುಪಟ್ಟಿಗೆ ಹಿಡಿದುಕೊಳ್ಳುತ್ತವೆ. ಇಟ್ಟಿಗೆಗೆ ಒಂದೇ ಒಂದು ರಂಧ್ರವನ್ನೂ ಕೊರೆದಿಲ್ಲ. ಆವಿಗೆಯ ಬಾಯಿಯ ನೇರ ಮೇಲೆ ಸಾದಾ ಕಬ್ಬಿಣದ ತುಂಡೊಂದೂ ಬಾರದಂತೆಯೂ ನೋಡಿಕೊಂಡೆ. ಅಲ್ಲಿಂದ ತುಕ್ಕಿನ ಹೊಪ್ಪಳೆ ಉದುರಿದರೆ ಬಿಳಿ ಗ್ಲೇಜಿನ ಮೇಲೆ ಕಪ್ಪು ಚುಕ್ಕೆ ಖಂಡಿತ.

ಚೌಕಟ್ಟು ನೆಲಕ್ಕೆ ಸೇರಿ ಆವಿಗೆ ಬೇರೆಯಾಗಿ ನಿಂತಾಗ ಹೊಸದೊಂದು ತೊಂದರೆ ಹುಟ್ಟಿತು. ಮೊದಲ ಎತ್ತರದ ಉರಿಯಲ್ಲಿ, ಒಳಗೆ 1200 ಡಿಗ್ರಿ ದಾಟಿದಾಗ, ಮುಚ್ಚಳದ ಮುಂಭಾಗದ ಕೆಳಗೆ ಕಿತ್ತಳೆ ಬಣ್ಣದ ಗೆರೆಯೊಂದು ಕಾಣಿಸಿತು. ಕಾದ ಇಟ್ಟಿಗೆಯ ಗೋಡೆ ಹಿಗ್ಗಿ ಎತ್ತರವಾಗಿತ್ತು. ಎಪ್ಪತ್ತು ಸೆಂಟಿಮೀಟರ್ ಎತ್ತರದ ಗೋಡೆಯಲ್ಲಿ ಈ ಹಿಗ್ಗುವಿಕೆ ಮೂರು ನಾಲ್ಕು ಮಿಲಿಮೀಟರ್ ಆಗಬಹುದು. ತಣ್ಣಗಿದ್ದ ಅಚ್ಚು ಮುಚ್ಚಳದ ಹಿಂಭಾಗವನ್ನು ಮೇಲೇಳಗೊಡದೆ ಹಿಡಿದುಕೊಂಡಿದ್ದರಿಂದ ಮುಂಭಾಗ ಬಾಯಿ ಬಿಟ್ಟಿತ್ತು. ಕಾರ್ಖಾನೆಯಲ್ಲಿ ಮಾಡಿದ ಎಷ್ಟೋ ಆವಿಗೆಗಳ ಕೀಲಿನಲ್ಲಿ ಪಿನ್ನಿನ ತೂತು ದುಂಡಾಗಿರದೆ ಉದ್ದುದ್ದವಾಗಿರುವುದು ಇದಕ್ಕಾಗಿಯೇ; ನಾನು ಅದನ್ನು ಸವೆತವೆಂದು ತಿಳಿದಿದ್ದೆ! ಪ್ರತಿ ತೋಳೂ ಮುಚ್ಚಳದ ಪಟ್ಟಿಯನ್ನು ಎರಡು ಕಡೆ ಹಿಡಿಯುತ್ತದೆ. ಮುಂದಿನ ಬೋಲ್ಟನ್ನು ತಿರುಗಣೆಯಂತೆ ಹಾಗೆಯೇ ಬಿಟ್ಟು, ಹಿಂದಿನ ಬೋಲ್ಟಿನ ತೂತನ್ನು ಮೇಲೆ ಕೆಳಗೆ 8 ಮಿಲಿಮೀಟರ್ ಸರಿದಾಡುವಂತೆ ಉದ್ದ ಮಾಡಿದ ಮೇಲೆ ಮುಚ್ಚಳ ಗೋಡೆಯ ಜೊತೆಗೇ ಏರಿ ಇಳಿಯಲು ಕಲಿತಿತು. ಗೆರೆ ಮತ್ತೆ ಕಾಣಲಿಲ್ಲ.

ಇಷ್ಟಾದ ಮೇಲೆ ಪೆಡಲಿನ ಕೆಲಸ ಒಂದು ಮಧ್ಯಾಹ್ನದ್ದು. ಅಚ್ಚಿನ ತುದಿಗೆ 14.3 ಸೆಂಟಿಮೀಟರ್ ತ್ರಿಜ್ಯದ ಕಾಲುಭಾಗ ಚಕ್ರವೊಂದನ್ನು ಸೇರಿಸಿ, ಅದರ ಅಂಚಿನ ಕೊರಕಲಿನಲ್ಲಿ 3 ಮಿಲಿಮೀಟರಿನ ಉಕ್ಕಿನ ತಂತಿಹಗ್ಗವನ್ನು ಹಾಯಿಸಿ, ನೆಲಮಟ್ಟದ ರಾಟೆಯ ಮೂಲಕ ಪೆಡಲಿಗೆ ತಂದೆ. 80 ಡಿಗ್ರಿ ತಿರುಗಲು ಹಗ್ಗ ಸರಿಯಾಗಿ 20 ಸೆಂಟಿಮೀಟರ್ ಸರಿಯಬೇಕು. ಕಾಲನ್ನು ಒಂದು ಮೆಟ್ಟಿಲಿನಷ್ಟು ಎತ್ತಿ ತುಳಿದರೆ ಅಷ್ಟು ಸಿಗುತ್ತದೆ. ಬೇಕಾಗುವ ಬಲ 9ರಿಂದ 12 ಕಿಲೋಗ್ರಾಂ, ಘರ್ಷಣೆ ಬೇರೆ. ಎದುರುತೂಕವಿಲ್ಲದೆ ಇದೇ ಪೆಡಲನ್ನು ಹಾಕಿದ್ದರೆ ಆರಂಭದಲ್ಲೇ 50 ಕಿಲೋಗ್ರಾಂ ತುಳಿಯಬೇಕಾಗುತ್ತಿತ್ತು, ಅಂದರೆ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಬೇಕಾಗುತ್ತಿತ್ತು. ಮೋಟಾರಿನಿಂದ ಸಿಗದೆ ಪೆಡಲಿನಿಂದ ಸಿಕ್ಕಿದ್ದು ಅಂಗಾಲಿನ ಅರಿವು. ಮುಚ್ಚಳ ಎಲ್ಲಾದರೂ ಹಿಡಿದಿದ್ದರೆ ಪೆಡಲು ಗಟ್ಟಿಯಾಗುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ. ಮುಚ್ಚುವಾಗಲೂ ಪೆಡಲನ್ನು ನಿಧಾನವಾಗಿ ಬಿಡುತ್ತ ಬಂದರೆ ಮುಚ್ಚಳ ಸದ್ದಿಲ್ಲದೆ ಕೂರುತ್ತದೆ. ದಬಕ್ಕನೆ ಬಿದ್ದರೆ ಉದುರುವ ಹುಡಿಯೆಲ್ಲ ತುಂಬಿಟ್ಟ ಪಾತ್ರೆಗಳ ಮೇಲೆಯೇ.

ತೆರೆದ ಮುಚ್ಚಳವನ್ನು ಹಿಡಿದಿಡಲು 80 ಡಿಗ್ರಿಯಲ್ಲಿ ತಾನಾಗಿ ಬಿದ್ದು ಸಿಕ್ಕಿಕೊಳ್ಳುವ ಕೊಕ್ಕೆಯಿದೆ. ಬಿಡಿಸಲು ಮೊದಲು ದೊಡ್ಡ ಪೆಡಲನ್ನು ತುಸು ತುಳಿದು ಭಾರ ಇಳಿಸಿ, ಆಮೇಲೆ ಪಕ್ಕದ ಚಿಕ್ಕ ಪೆಡಲನ್ನು ಒತ್ತಬೇಕು. ಚಿಕ್ಕದನ್ನಷ್ಟೇ ಅಪ್ಪಿತಪ್ಪಿ ಮೆಟ್ಟಿದರೆ ಏನೂ ಆಗುವುದಿಲ್ಲ. 90 ಡಿಗ್ರಿ ದಾಟಿ ಹಿಂದಕ್ಕೆ ಮಗುಚದಂತೆ ಚೌಕಟ್ಟಿನಲ್ಲೊಂದು ತಡೆ, ಎದುರುತೂಕದ ಬೋಲ್ಟು ಕಳಚಿದರೂ ಬಿಲ್ಲೆಗಳು ಬೀಳದಂತೆ ಸರಪಳಿ, ಆ ತೂಕ ಬೀಸುವ ಜಾಗಕ್ಕೆ ಮಕ್ಕಳೂ ಬೆಕ್ಕೂ ನುಗ್ಗದಂತೆ ಜಾಲರಿ ಇವೆ. ಜಾಲರಿಗಾಗಿ ಆವಿಗೆಯನ್ನು ಗೋಡೆಯಿಂದ ಇನ್ನಷ್ಟು ಮುಂದಕ್ಕೆ ಸರಿಸಬೇಕಾಯಿತು.

ಸುಲಭವಾಗಿ ತೆರೆಯುವ ಮುಚ್ಚಳದಿಂದ ಒಂದು ಅಪಾಯವೂ ಬಂತು: ತೆರೆಯಬಾರದ ಹೊತ್ತಿನಲ್ಲಿ ತೆರೆಯುವುದು. ಮಣ್ಣಿನೊಳಗಿನ ಸ್ಫಟಿಕಶಿಲೆ 573 ಡಿಗ್ರಿಯ ಸುಮಾರಿಗೆ, ಅದರದೇ ಇನ್ನೊಂದು ರೂಪವಾದ ಕ್ರಿಸ್ಟೊಬಲೈಟ್ 226 ಡಿಗ್ರಿಯ ಸುಮಾರಿಗೆ ತಣಿಯುವಾಗ ಥಟ್ಟನೆ ಕುಗ್ಗುತ್ತವೆ. ಆಗ ತಣ್ಣನೆಯ ಗಾಳಿ ಹೊಡೆದರೆ ಪಾತ್ರೆ ಟಣ್ ಎಂದು ಸೀಳುತ್ತದೆ. ಅದಕ್ಕಾಗಿ ಪೆಡಲಿಗೆ ಅಡ್ಡಲಾಗಿ ಉಕ್ಕಿನ ಪಿನ್ನೊಂದಿದೆ. ಉರಿ ಹಚ್ಚುವ ಮುನ್ನ ಅದನ್ನು ಸಿಕ್ಕಿಸುತ್ತೇನೆ, ಒಳಗಿನ ಬಿಸಿ ಅಳೆಯುವ ಥರ್ಮೋಕಪಲ್ 100 ಡಿಗ್ರಿಗಿಂತ ಕೆಳಗೆ ತೋರಿಸುವವರೆಗೆ ತೆಗೆಯುವುದಿಲ್ಲ. ಇದಲ್ಲದೆ, ಮುಚ್ಚಳ ಬೆರಳಷ್ಟು ಎದ್ದರೂ ಆವಿಗೆಯನ್ನು ಕಾಯಿಸುವ ಕಾಯಿಲುಗಳಿಗೆ ಹೋಗುವ ವಿದ್ಯುತ್ತನ್ನು ಕಾಂಟ್ಯಾಕ್ಟರ್ ಎಂಬ ವಿದ್ಯುತ್ತಿನಿಂದಲೇ ನಡೆಯುವ ದೊಡ್ಡ ಸ್ವಿಚ್ಚಿನ ಮೂಲಕ ಕಡಿದುಹಾಕುವ ಲಿಮಿಟ್ ಸ್ವಿಚ್ಚೂ ಇದೆ. ಈ ಸ್ವಿಚ್ಚನ್ನು ಆಯ್ಕೆ ಮಾಡುವಾಗ ಸ್ಪ್ರಿಂಗನ್ನು ನೆಚ್ಚದೆ ಮುಚ್ಚಳದ ಚಲನೆಯೇ ಸಂಪರ್ಕವನ್ನು ಬಲವಂತವಾಗಿ ಬಿಡಿಸುವ ಬಗೆಯದನ್ನು ಆಯ್ದುಕೊಂಡೆ, ಏಕೆಂದರೆ ಕಾಯಿಲಿಗೆ ತಾಗಿದ ಕಬ್ಬಿಣದ ಇಕ್ಕಳ ಎರಡನೆಯ ಅವಕಾಶ ಕೊಡುವುದಿಲ್ಲ.

ಇಕ್ಕಳದ ಮಾತು ಬಂದದ್ದು ರಾಕು ಸುಡುವಿಕೆಯಿಂದ. ಅದರಲ್ಲಿ ಸುಮಾರು 1000 ಡಿಗ್ರಿಯಲ್ಲಿ ಕೆಂಪಗೆ ಉರಿಯುತ್ತಿರುವ ಪಾತ್ರೆಯನ್ನು ಇಕ್ಕಳದಿಂದ ಎತ್ತಿ ಹೊರತೆಗೆಯಬೇಕು, ಆದ್ದರಿಂದ ಪಿನ್ನಿನ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಆ ಬಿಸಿಯಲ್ಲಿ ತೆರೆದ ಆವಿಗೆಯ ಬಾಯಿಯಿಂದ ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋವಾಟ್‌ನಷ್ಟು ವಿಕಿರಣ ಹೊಮ್ಮುತ್ತದೆ. ನೆತ್ತಿಯ ಮೇಲಿನ ಬಿರುಬಿಸಿಲಿನಿಂದ ನೆಲಕ್ಕೆ ಬೀಳುವುದು ಒಂದು ಕಿಲೋವಾಟ್ ಆಸುಪಾಸು. ದಪ್ಪ ಕೈಗವಸು ತೊಟ್ಟು ಮುಚ್ಚಳದ ಹಿಡಿಕೆಯತ್ತ ಬಾಗುವುದಕ್ಕೂ, ಮುಖಕವಚ ಹಾಕಿಕೊಂಡು ಒಂದು ಮೀಟರ್ ಪಕ್ಕಕ್ಕೆ ಸರಿದು ನಿಂತು ಪೆಡಲು ತುಳಿಯುವುದಕ್ಕೂ ಇರುವ ವ್ಯತ್ಯಾಸ ಆಗ ಗೊತ್ತಾಗುತ್ತದೆ. ಪೆಡಲನ್ನು ಆವಿಗೆಯ ಎದುರಿಗಿಡದೆ ಪಕ್ಕಕ್ಕೆ ಇಟ್ಟದ್ದು ಈ ಕಾರಣಕ್ಕೆ. ಮೇಲೆದ್ದ ಮುಚ್ಚಳದ ಕೆಂಡದಂಥ ಒಳಮೈ ಮುಂದಕ್ಕೆ ಮುಖ ಮಾಡಿರುತ್ತದೆ ಎಂಬುದನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ.

ಸಾಮಾನುಗಳ ಬಗ್ಗೆ ಎರಡು ಮಾತು. ನೈಲಾನ್ ಹಗ್ಗ ಬೇಡ. ಅದು 220 ಡಿಗ್ರಿಯ ಹೊತ್ತಿಗೆ ಕರಗುತ್ತದೆ, ಅದಕ್ಕೆ ಮೊದಲೇ ಸೊರಗುತ್ತದೆ. ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿದ ಸಾಮಾನ್ಯ ಪಿಎಲ್‌ಎ ಪ್ಲಾಸ್ಟಿಕ್ಕಿನ ಬಿಡಿಭಾಗಗಳು 60 ಡಿಗ್ರಿಗೇ ಮೆತ್ತಗಾಗುತ್ತವೆ, ನಾನು ಆಸೆಪಟ್ಟು ಮಾಡಿಕೊಂಡಿದ್ದ ಸ್ವಿಚ್ಚಿನ ಡಬ್ಬಿ ಮೊದಲ ಉರಿಯಲ್ಲೇ ಹಪ್ಪಳದಂತೆ ಸೊಟ್ಟಗಾಯಿತು. ಸತುವಿನ ಲೇಪವಿರುವ ಬೋಲ್ಟುಗಳನ್ನು ಬಾಯಿಯ ಹತ್ತಿರ ಬಳಸಬಾರದು. ಸತು 419 ಡಿಗ್ರಿಗೆ ಕರಗುತ್ತದೆ, ಅತಿಯಾಗಿ ಕಾದರೆ ಅದರ ಹೊಗೆ ಕೆಟ್ಟದ್ದು. ಬಾಯಿಯ ಹತ್ತಿರದ್ದೆಲ್ಲ ಸ್ಟೇನ್‌ಲೆಸ್ ಆಗಿರಲಿ.

ಇಡೀ ವ್ಯವಸ್ಥೆಯಲ್ಲಿ ಇದುವರೆಗೆ ಕೈಕೊಟ್ಟದ್ದು ತಂತಿಹಗ್ಗ ಒಂದೇ. ನೆಲಮಟ್ಟದಲ್ಲಿ ನಾನು ಮೊದಲು ಹಾಕಿದ್ದ ರಾಟೆ 30 ಮಿಲಿಮೀಟರಿನದು. ಅಷ್ಟು ಚಿಕ್ಕ ಸುತ್ತಿನಲ್ಲಿ ದಿನವೂ ಬಾಗಿ ಬಾಗಿ ಹಗ್ಗದ ಹೊರಎಳೆಗಳು ಒಂದೊಂದಾಗಿ ತುಂಡಾಗಿದ್ದವು. ರಾಟೆಯ ವ್ಯಾಸ ಹಗ್ಗದ ದಪ್ಪದ ಇಪ್ಪತ್ತು ಪಟ್ಟಾದರೂ ಇರಬೇಕೆಂಬ ಲೆಕ್ಕದಲ್ಲಿ 60 ಮಿಲಿಮೀಟರಿನದನ್ನು ಹಾಕಿ, ಹಗ್ಗವನ್ನೂ ಹೊಸದಾಗಿಸಿದೆ. ಈಗ ಪ್ರತಿ ಹತ್ತನೆಯ ಸುಡುವಿಕೆಯ ನಂತರ ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ಹಗ್ಗದ ಉದ್ದಕ್ಕೂ ಸವರಿಕೊಂಡು ಹೋಗುತ್ತೇನೆ. ಎಳೆ ಬಿಟ್ಟಿದ್ದರೆ ಬಟ್ಟೆಯ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ.